ಡಾಕ್ಟರಮ್ಮನ ತಪಾಸಣೆ

"ಸರ್ಟಿಫಿಕೇಟಾ? ಡಾಕ್ಟರಮ್ಮನ ಸರ್ಟಿಫಿಕೇಟ್ ಕೇಳೋಕೆ ನೀನು ಯಾರಯ್ಯಾ? ಹೆಂಡ್ತಿಗೆ ತೋರಿಸೋಕೆ ಬಂದಿದೀಯೋ, ಡಾಕ್ಟರಮ್ಮನ್ನ ಕೆಲಸಕ್ಕೆ ಇಟ್ಕೊಳ್ಳೋಕೆ ಬಂದಿದೀಯೋ?"

"ಕೋಪ ಮಾಡ್ಕೋಬೇಡಿ ಅಮ್ಮಾ. ಬೋರ್ಡಿನಲ್ಲಿ ಡಿ.ಜಿ.ಓ., ಹೆರಿಗೆ ಓದು ಓದಿದಾರೆ ಅಂತ ಇದೆ. ಯಾವ ಕಾಲೇಜು, ಯಾವ ವರ್ಷ ಅಂತ ಒಂದು ಮಾತು..."

"ಹೊರಗೆ ನಡಿ!"

ಟೋಕನ್ ಕೊಡುವ ಹೆಂಗಸು ಮೇಜಿನ ಮೇಲೆ ಗುದ್ದಿದ ಏಟಿಗೆ ಟೋಕನ್ ಬಿಲ್ಲೆಗಳೆಲ್ಲ ಹಾರಿ ನೆಲಕ್ಕೆ ಬಿದ್ದವು. ಅವಳು ಬೈದದ್ದು ತಮಿಳಿನಲ್ಲಿ. ಅದರಲ್ಲಿ ಇನ್ನೂ ಎರಡು ಮಾತಿದ್ದವು, ಅವನ್ನು ಇಲ್ಲಿ ಬರೆಯುವಂತಿಲ್ಲ. ಬೆಂಚಿನ ಮೇಲೆ ಸಾಲಾಗಿ ಕೂತಿದ್ದ ಹದಿನಾಲ್ಕು ಮಂದಿ ಬಸುರಿಯರು ಒಟ್ಟಿಗೆ ತಿರುಗಿ ನೋಡಿದರು. ಶ್ರೀಹರ್ಷ ಮಾತ್ರ ಗಾಬರಿಯಾಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಕೈಯಲ್ಲಿದ್ದ ಫಾರಮ್ಮಿನಲ್ಲಿ "ದಾಖಲೆ ತೋರಿಸಲಿಲ್ಲ. ತಿರಸ್ಕೃತ" ಎಂದು ಬರೆದು, ದಿನಾಂಕ ಹಾಕಿ, ಕೆಳಗೆ ಸಹಿಯನ್ನೂ ಮಾಡಿ ಹೊರಗೆ ನಡೆದ.

ಅವನ ಕೆಲಸವೇ ಅದು. ತಮಿಳು ಸೀಮೆಯ ಕುರಿಚಿಯ ಒಂದು ಫೌಂಡ್ರಿಯಲ್ಲಿ ಅವನು ಐದು ವರ್ಷದಿಂದ ಇನ್ಸ್‌ಪೆಕ್ಟರ್. ಪಂಪಿನ ಎರಕಗಳು ಮುಂದೆ ಬಂದರೆ ಸಣ್ಣ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಸದ್ದು ಒಡಕಾಗಿದ್ದರೆ ಕೆಂಪು ಬಣ್ಣದಲ್ಲಿ ಅಡ್ಡಗೀಟು ಎಳೆಯಬೇಕು. ಕೂದಲೆಳೆಯಷ್ಟು ಬಿರುಕಿದ್ದರೂ ಅವನ ಕಣ್ಣು ತಪ್ಪಿಸುವಂತಿರಲಿಲ್ಲ. ಈ ಚಾಳಿ ಮೈಗೆ ಎಷ್ಟು ಹತ್ತಿತ್ತೆಂದರೆ, ಹೋಟೆಲಿನಲ್ಲಿ ವಡೆಯನ್ನೂ ಒಮ್ಮೆ ಬೆರಳಿನಿಂದ ತಟ್ಟಿಯೇ ತಿನ್ನುತ್ತಿದ್ದ.

ಊರು ತಿಪಟೂರಿನ ಕಡೆ. ಆ ವರ್ಷ, ಎಂದರೆ ಎರಡು ಸಾವಿರದ ಆರನೇ ಇಸವಿಯ ಮೇ ತಿಂಗಳಲ್ಲಿ, ಕುರಿಚಿಯಿಂದ ಎರಡು ಗಂಟೆ ಬಸ್ ದಾರಿಯ ಮಡತ್ತುಕುಳಂನ ಸುಗನ್ಯಾಳನ್ನು ಮದುವೆಯಾಗಿದ್ದ. ಅವಳ ಮನೆಯವರು ಎಷ್ಟೋ ತಲೆಮಾರಿನಿಂದ ಅಮರಾವತಿ ಹೊಳೆಯ ದಂಡೆಯಲ್ಲಿ ಬೇಸಾಯ ಮಾಡಿಕೊಂಡಿದ್ದ ಕನ್ನಡದವರು. ಮನೆಯಲ್ಲಿ ಆಡುವುದು ಕನ್ನಡವೇ, ಆದರೆ ಅರ್ಧಕ್ಕರ್ಧ ತಮಿಳು ಕಲಸಿದ್ದು. ಈಗ ಅಕ್ಟೋಬರ್. ಸುಗನ್ಯಾಳಿಗೆ ವಾಂತಿ ಶುರುವಾಗಿತ್ತು. ಶ್ರೀಹರ್ಷನಿಗೆ ನಿದ್ದೆ ಹೋಗಿತ್ತು.

ನಿದ್ದೆ ಹೋಗಲು ಕಾರಣವಿತ್ತು. ಅವನ ಅಕ್ಕನ ಮೊದಲ ಹೆರಿಗೆ ಮಾಡಿಸಿದ ಡಾಕ್ಟರು ಡಾಕ್ಟರೇ ಆಗಿರಲಿಲ್ಲ, ಯಾವುದೋ ಔಷಧಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದವನು. ಅಕ್ಕ ಬದುಕಿಕೊಂಡಳು, ಕೂಸು ಬದುಕಲಿಲ್ಲ. ಅವತ್ತು ಊರಿನಲ್ಲಿ ಒಬ್ಬನೂ ಆ ಮನುಷ್ಯನನ್ನು ಏನು ಓದಿದ್ದೀಯಪ್ಪಾ ಎಂದು ಕೇಳಿರಲಿಲ್ಲ. ತನ್ನ ಹೆಂಡತಿಯನ್ನು ಮುಟ್ಟುವವರನ್ನು ತಾನು ಕೇಳಿಯೇ ಕೇಳುತ್ತೇನೆ ಎಂದು ಶ್ರೀಹರ್ಷ ಹಟ ಹಿಡಿದಿದ್ದ.

ಕಂಪನಿಯ ಆಫೀಸಿನ ದಿವಾಕರ್ ಅವನಿಗೆ ಇನ್ಶೂರೆನ್ಸ್ ಕಾರ್ಡು ಕೊಟ್ಟು, ಜೊತೆಗೆ ಕಾರ್ಡು ನಡೆಯುವ ಆಸ್ಪತ್ರೆಗಳ ಪಟ್ಟಿಯ ಜೆರಾಕ್ಸ್ ಕೊಟ್ಟು ಹೇಳಿದ್ದ: "ಡಾಕ್ಟರ ಲೆಟರ್‌ಪ್ಯಾಡಲ್ಲಿ ಮೆಡಿಕಲ್ ಕೌನ್ಸಿಲ್ ನಂಬರ್ ಇದೆಯಾ ನೋಡು. ಪಟ್ಟಿಯಲ್ಲಿ ಆಸ್ಪತ್ರೆ ಹೆಸರಿದೆಯಾ ನೋಡು. ಎರಡೂ ಇದ್ರೆ ಕಣ್ಣು ಮುಚ್ಚಿ ಸೇರಿಸು." ಶ್ರೀಹರ್ಷ ಕಣ್ಣು ಮುಚ್ಚುವ ಜಾತಿಯವನಲ್ಲ. ಫೌಂಡ್ರಿಗೆ ಕಬ್ಬಿಣ ಕೊಡುವವರನ್ನು ಪರೀಕ್ಷೆ ಮಾಡುವ ಫಾರಂ ಒಂದಿತ್ತು. ಅದರಲ್ಲಿ "ಕಬ್ಬಿಣ" ಎಂದಿದ್ದಲ್ಲಿ ಹೊಡೆದುಹಾಕಿ "ಡಾಕ್ಟರ್" ಎಂದು ಬರೆದುಕೊಂಡು ಶನಿವಾರ ರಜೆ ಹಾಕಿ ಹೊರಟಿದ್ದ.

ಒಬ್ಬನೇ ಹೊರಟಿದ್ದರೆ ಆಗುತ್ತಿತ್ತು. ಬೆಳಗಿನ ಮೊದಲ ಬಸ್ಸಿಗೆ ಅತ್ತೆ ರಾಮಾತಾಳ್ ಒಂದು ಚೀಲ ನುಗ್ಗೇಕಾಯಿ, ಒಂದು ಡಬ್ಬ ಮುರುಕು ಹೊತ್ತು ಬಂದಿಳಿದರು. ಕೆಳಗಿನ ಮನೆಯ ರಾಜಾಮಣಿ ಅಕ್ಕ, ಮನೆಯ ಓನರು, ಅವರೂ ಹಳೆಯ ಕನ್ನಡದವರೇ, ಯಾರೂ ಕರೆಯದೆ ಸೀರೆ ಬದಲಾಯಿಸಿಕೊಂಡು ಬಂದು ಆಟೋದಲ್ಲಿ ಎಲ್ಲರಿಗಿಂತ ಮೊದಲು ಕೂತರು.

ಮೊದಲನೆಯ ಕ್ಲಿನಿಕ್ಕಿನಿಂದ ಹೊರಹಾಕಿಸಿಕೊಂಡು ಬಂದವನನ್ನು ನೋಡಿ ರಾಜಾಮಣಿ ಅಕ್ಕ ಆಟೋದೊಳಗಿಂದಲೇ ಶುರುಮಾಡಿದರು.

"ತಂಬೀ, ನಾನು ಮೂರು ಹೆತ್ತೆ. ಒಬ್ಬ ಡಾಕ್ಟರ ಹೆಸರೂ ನಂಗೆ ಗೊತ್ತಿಲ್ಲ. ಮೂರೂ ಕಲ್ಲುಗುಂಡಿನಂಗೆ ಇದಾವೆ."

"ಅದೃಷ್ಟ ಅಕ್ಕಾ."

"ಅದೃಷ್ಟ ಏನು ಬಂತು? ಬಾಯಿ ಮುಚ್ಕೊಂಡು ಹೋಗಿ ಬಾಯಿ ಮುಚ್ಕೊಂಡು ಹೆತ್ತು ಬಂದೆ."

ರಾಜಾಮಣಿ ಅಕ್ಕ ಬಾಯಿ ಮುಚ್ಚಿಕೊಂಡು ಏನನ್ನಾದರೂ ಮಾಡಿದ್ದನ್ನು ಶ್ರೀಹರ್ಷ ನಂಬಲಿಲ್ಲ.

"ಮಾಪ್ಳೆ ಕೇಳೋದು ಕೇಳ್ಲಿ ಬಿಡಿ," ಎಂದರು ರಾಮಾತಾಳ್. ಅಳಿಯನ ಮೇಲೆ ಅವರಿಗೆ ಅಕ್ಕರೆ. "ನಮ್ಮೂರಲ್ಲಿ ಆಡಿನ ಹಲ್ಲು ನೋಡ್ದೆ ಯಾರೂ ತರಲ್ಲ. ಡಾಕ್ಟರನ್ನ ನೋಡ್ಬಾರ್ದಾ?"

ಎರಡನೆಯ ಕ್ಲಿನಿಕ್ ಸುಂದರಾಪುರಂ ಕಡೆಯ ಒಂದು ಗಲ್ಲಿಯಲ್ಲಿತ್ತು. ಇಲ್ಲೂ ಶ್ರೀಹರ್ಷ ಹೆಂಗಸರನ್ನು ಆಟೋದಲ್ಲೇ ಬಿಟ್ಟು ಒಬ್ಬನೇ ಒಳಗೆ ಹೋದ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ, ಕೈಯಲ್ಲಿ ಫಾರಂ. ಒಳಗೆ ಹೋದವನೇ ಗೋಡೆ ನೋಡಿದ, ಬೋರ್ಡು ನೋಡಿದ, ಬರೆದುಕೊಂಡ. ಕಾಂಪೌಂಡರ್ ಎದ್ದು ನಿಂತ.

"ಡಾಕ್ಟರ ರಿಜಿಸ್ಟ್ರೇಷನ್ ನಂಬರ್ ಎಷ್ಟು?" ಶ್ರೀಹರ್ಷ ತನ್ನ ಮುರುಕು ತಮಿಳಿನಲ್ಲಿ ಕೇಳಿದ.

ಆ ದಿನಗಳಲ್ಲಿ ಪೇಪರಿನ ತುಂಬಾ ನಕಲಿ ಡಾಕ್ಟರುಗಳನ್ನು ಹಿಡಿದ ಸುದ್ದಿಯೇ. ಕಾಂಪೌಂಡರನ ಮುಖ ತೊಳೆದಿಟ್ಟ ತಟ್ಟೆಯ ಹಾಗಾಯಿತು. "ಸಾರ್, ಕೂತ್ಕೊಳ್ಳಿಂಗ ಸಾರ್. ಡಾಕ್ಟರಮ್ಮ ಪೂಜೇಲಿದಾರೆ," ಎಂದು ಒಳಗೆ ಓಡಿದ. ಫ್ಯಾನು ಶ್ರೀಹರ್ಷನ ಕಡೆ ತಿರುಗಿತು. ಕಾಫಿ ಬಂತು. ಕಾಫಿಯ ಹಿಂದೆ ಬಿಸ್ಕತ್ತು ಬಂತು. ಬಿಸ್ಕತ್ತಿನ ಹಿಂದೆ ಒಂದು ಸೇಬು, ಕತ್ತರಿಸಿದ್ದು. ಎಂಥಾ ಮರ್ಯಾದಸ್ಥ ಜನ ಎಂದು ಶ್ರೀಹರ್ಷ ಫಾರಮ್ಮಿನಲ್ಲಿ "ಉಪಚಾರ: ಉತ್ತಮ" ಎಂದು ಬರೆಯುತ್ತಿದ್ದಾಗ ಹಿತ್ತಲಿನಲ್ಲಿ ಸ್ಕೂಟರು ಸ್ಟಾರ್ಟ್ ಆದ ಸದ್ದು ಕೇಳಿತು. ಸದ್ದು ಗಲ್ಲಿ ದಾಟಿತು, ರಸ್ತೆ ಸೇರಿತು, ಕರಗಿಹೋಯಿತು. ಕಾಂಪೌಂಡರನೂ ಹೊರಗೆ ಬರಲಿಲ್ಲ.

ಅರ್ಧ ಗಂಟೆ ಕಾದ ಮೇಲೆ ಕಾದಿದ್ದವರಿಗೆ ವಿಷಯ ತಿಳಿಯಿತು. ಮೂರನೇ ಟೋಕನ್ ಹಿಡಿದಿದ್ದ ಒಬ್ಬ ದಪ್ಪ ಹೆಂಗಸು ಎದ್ದು ಬಂದು ಶ್ರೀಹರ್ಷನ ಎದುರು ನಿಂತಳು.

"ಬೆಳಿಗ್ಗೆ ಆರಕ್ಕೆ ಬಂದು ಟೋಕನ್ ತಗೊಂಡಿದ್ದೆ. ಓಡಿಸಿಬಿಟ್ಟೆಯಲ್ಲಾ! ಈಗ ನೀನು ನೋಡ್ತೀಯಾ ನನ್ನ?"

"ಅಮ್ಮಾ, ನಾನೂ ನಿಮ್ಮ ಹಾಗೇ ತೋರಿಸೋಕೆ ಬಂದವನು!"

"ಏನು ತೋರಿಸ್ತೀಯಾ ನೀನು? ಗಂಡಸಲ್ವಾ?"

ಶ್ರೀಹರ್ಷ ಫಾರಂ ಎತ್ತಿಕೊಂಡು ಎದ್ದ. ಚಪ್ಪಲಿ ಸಿಕ್ಕಿಸಿಕೊಂಡು ಆಟೋ ಹತ್ತಿ, ಓಡುವ ಆಟೋದಲ್ಲೇ "ಪರೀಕ್ಷೆಗೆ ಮೊದಲೇ ಪರಾರಿ. ತಿರಸ್ಕೃತ" ಎಂದು ಬರೆದ. ಅಕ್ಷರ ಕುಣಿದವು.

ಮೂರನೆಯದು ದೊಡ್ಡ ಕಟ್ಟಡ. ಡಾಕ್ಟರಿಗೆ ಡಿಗ್ರಿ ಇತ್ತು, ಡಿಗ್ರಿಗೆ ನಂಬರ್ ಇತ್ತು, ದಿವಾಕರ್ ಕೊಟ್ಟ ಪಟ್ಟಿಯಲ್ಲಿ ಆಸ್ಪತ್ರೆಯ ಹೆಸರೂ ಇತ್ತು. ತೊಡಕು ಒಂದೇ: ಆ ಪಟ್ಟಿ ಮೂರು ವರ್ಷ ಹಳೆಯದು. "ಆ ಇನ್ಶೂರೆನ್ಸ್ ನಾವು ಬಿಟ್ಟು ಎರಡು ದೀಪಾವಳಿ ಆಯ್ತು ಸಾರ್," ಎಂದು ಕೌಂಟರಿನ ಹುಡುಗಿ ನಗುನಗುತ್ತ ಕಾರ್ಡನ್ನು ವಾಪಸು ಕೊಟ್ಟಳು.

ಮಧ್ಯಾಹ್ನ ಎರಡಾಗಿತ್ತು. ಸುಗನ್ಯಾ ಸುಸ್ತಾಗಿ ತಾಯಿಯ ಹೆಗಲಿಗೆ ಒರಗಿದ್ದಳು. "ಏನುಂಗ, ಇವತ್ತಿಗೆ ಸಾಕು. ಮನೆಗೆ ಹೋಗೋಣ," ಎಂದಳು.

"ಇನ್ನೊಂದೇ ಒಂದು."

"ಬೆಳಿಗ್ಗೆಯಿಂದ ಇನ್ನೊಂದೇ ಒಂದು ಅಂತಾನೇ ಇದೀರ."

ಪೋದನೂರು ರಸ್ತೆಯ ಆ ನರ್ಸಿಂಗ್ ಹೋಂ ಹೊರಗಿನಿಂದ ಏನೂ ಅಲ್ಲ. ಬೇವಿನ ಮರ, ನಾಲ್ಕು ಬೆಂಚು, ಸುಣ್ಣ ಬಳಿದ ಗೋಡೆ. ಡಾಕ್ಟರ್ ಜಾಸ್ಮಿನ್ ಐವತ್ತು ದಾಟಿದ ಹೆಂಗಸು. ಶ್ರೀಹರ್ಷ ಬಾಗಿಲಲ್ಲೇ ನಿಂತು, ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು, ತಮಿಳು ಜೋಡಿಸಿಕೊಂಡು ಕೇಳಿದ: "ಡಾಕ್ಟರ್, ನಿಮ್ಮ ಸರ್ಟಿಫಿಕೇಟ್ ನೋಡಬಹುದಾ?"

"ಕನ್ನಡದಲ್ಲೇ ಕೇಳಿ ಪರವಾಗಿಲ್ಲ, ನಿಮ್ಮ ತಮಿಳು ಕೇಳಿದ್ರೆ ಗೊತ್ತಾಗುತ್ತೆ. ನಾನು ಮೈಸೂರಿನವಳು," ಎಂದರು ಡಾಕ್ಟರಮ್ಮ. ಕಪಾಟು ತೆಗೆದು ಒಂದು ಫೈಲು ಮುಂದಿಟ್ಟರು. "ಎಂ.ಬಿ.ಬಿ.ಎಸ್., ಡಿ.ಜಿ.ಓ., ಇದು ಕೌನ್ಸಿಲ್ಲಿನ ನೋಂದಣಿ. ಇಪ್ಪತ್ತು ವರ್ಷದಲ್ಲಿ ಕೇಳಿದವರು ನೀವೇ ಮೊದಲು. ಎಲ್ಲರೂ ಕೇಳಬೇಕು."

ಶ್ರೀಹರ್ಷ ಒಂದೊಂದೇ ಹಾಳೆ ಬೆಳಕಿಗೆ ಹಿಡಿದು ನೋಡಿದ. ಮುದ್ರೆ ನೋಡಿದ, ಸಹಿ ನೋಡಿದ, ಇಸವಿಗೆ ಇಸವಿ ಕೂಡಿಸಿದ. ಅಭ್ಯಾಸಬಲದಿಂದ ಹಾಳೆಯನ್ನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿಯೂಬಿಟ್ಟ.

"ಸದ್ದು ಸರಿಯಾಗಿ ಬಂತಾ?" ಎಂದು ಡಾಕ್ಟರಮ್ಮ ಕೇಳಿದರು.

ಶ್ರೀಹರ್ಷ ನಾಚಿಕೊಂಡು ಫಾರಮ್ಮಿನಲ್ಲಿ, ಆ ದಿನ ಮೊದಲ ಬಾರಿಗೆ, "ಸ್ವೀಕೃತ" ಎಂದು ಬರೆದ. ಐದು ವರ್ಷದಲ್ಲಿ ಒಂದು ಎರಕವನ್ನೂ ಅಷ್ಟು ಸಂತೋಷದಿಂದ ಪಾಸು ಮಾಡಿರಲಿಲ್ಲ. ಅಕ್ಕನಿಗೆ ಇಂಥವರೊಬ್ಬರು ಸಿಕ್ಕಿದ್ದರೆ ಎಂದುಕೊಂಡ. ಫಾರಂ ಮಡಿಸಿದ.

ಡಾಕ್ಟರಮ್ಮ ಸುಗನ್ಯಾಳನ್ನು ಮಾತ್ರ ಒಳಗೆ ಕರೆದು ನೋಡಿದರು. ರಾಮಾತಾಳ್ ಮತ್ತು ರಾಜಾಮಣಿ ಅಕ್ಕ ಹೊರಗೆ ಬೆಂಚಿನಲ್ಲಿ ಮುರುಕು ತಿನ್ನುತ್ತ ಕೂತಿದ್ದರು. ಕಾಲು ಗಂಟೆಯ ಮೇಲೆ ಸುಗನ್ಯಾ ಒಂದು ಚೀಟಿ ಹಿಡಿದು ಬಂದಳು. ಹಿಡಿದಿದ್ದಳೋ, ಬಚ್ಚಿಟ್ಟಿದ್ದಳೋ, ಚೀಟಿ ನಾಲ್ಕು ಮಡಿಕೆಯಾಗಿ ಅಂಗೈಯೊಳಗಿತ್ತು.

ಇನ್ನು ಉಳಿದದ್ದು ಇನ್ಶೂರೆನ್ಸ್. ಕೌಂಟರಿನಲ್ಲಿ ಈಶ್ವರನ್ ಎಂಬಾತ ಕಾರ್ಡು ನೋಡಿದ, ಫೋನ್ ಮಾಡಿದ, ಸಂಖ್ಯೆ ಓದಿದ, ಕಾದ, ತಲೆಯಾಡಿಸಿದ.

"ಕಾರ್ಡ್ ಇಲ್ಲಿ ನಡೆಯುತ್ತೆ ಸಾರ್. ಆದ್ರೆ ಒಂದು ವಿಷಯ. ನಿಮ್ಮ ಮಿಸಸ್ ಹೆಸರು ಸೇರಿಸಿರೋದು ಜುಲೈ ಹದಿನೆಂಟಕ್ಕೆ. ಹೆರಿಗೆಗೆ ಒಂಬತ್ತು ತಿಂಗಳು ತುಂಬಬೇಕು. ಏಪ್ರಿಲ್ ಹದಿನೆಂಟರ ಮೇಲೆ ಹೆರಿಗೆ ಆದ್ರೆ ಎಲ್ಲಾ ಅವ್ರೇ ಕೊಡ್ತಾರೆ. ಒಂದು ದಿನ ಮುಂಚೆ ಆದ್ರೂ ಏನೂ ಇಲ್ಲ. ಡಾಕ್ಟರಮ್ಮ ಯಾವ ದಿನ ಕೊಟ್ಟಿದಾರೆ?"

ಶ್ರೀಹರ್ಷ ಹೆಂಡತಿಯ ಕಡೆ ತಿರುಗಿದ. "ಎಲ್ಲಿ, ಆ ಚೀಟಿ ಕೊಡು," ಎಂದು ಕೈ ಚಾಚಿದ.

ಸುಗನ್ಯಾ ಕೊಡಲಿಲ್ಲ. ಕಣ್ಣು ಅಗಲ ಮಾಡಿದಳು. ಹುಬ್ಬು ಹಾರಿಸಿದಳು. ತಾಯಿಯ ಕಡೆಗೊಮ್ಮೆ, ಅವನ ಕಡೆಗೊಮ್ಮೆ ನೋಡಿ ತಲೆ ಅಲ್ಲಾಡಿಸಿದಳು. ಕಬ್ಬಿಣದಲ್ಲಿ ಕೂದಲೆಳೆಯ ಬಿರುಕು ಕಾಣುವ ಕಣ್ಣಿಗೆ ಹೆಂಡತಿಯ ಮುಖದಲ್ಲಿದ್ದದ್ದು ಕಾಣಲಿಲ್ಲ. ಅವಳ ಬೆರಳು ಬಿಡಿಸಿ ಚೀಟಿ ತೆಗೆದು, ಮಡಿಕೆ ಬಿಚ್ಚಿ, ಆಸ್ಪತ್ರೆಯೆಲ್ಲ ಕೇಳುವ ಹಾಗೆ ಕೂಗಿಬಿಟ್ಟ:

"ಏಪ್ರಿಲ್ ಇಪ್ಪತ್ತೆರಡು! ಇಪ್ಪತ್ತೆರಡು ಸಾರ್! ನಾಲ್ಕು ದಿನ ಉಳೀತು!"

ಬೆಂಚಿನ ಮೇಲೆ ಮುರುಕು ಮುರಿಯುವ ಸದ್ದು ನಿಂತಿತು.

"ಏಪ್ರಿಲ್ ಇಪ್ಪತ್ತೆರಡು ಅಂದ್ರೆ ಯಾವ ಮಾಸ ಆಯ್ತು ಅಕ್ಕಾ?" ರಾಮಾತಾಳ್ ಮೆಲ್ಲಗೆ ಕೇಳಿದರು.

"ಹದಿನಾಲ್ಕಕ್ಕೆ ತಮಿಳು ಹೊಸ ವರ್ಷ. ಚಿತ್ತಿರೈ ಆಯ್ತು," ಎಂದರು ರಾಜಾಮಣಿ ಅಕ್ಕ.

ರಾಮಾತಾಳ್ ಎರಡೂ ಕೈ ಮುಂದೆ ಹಿಡಿದು ಒಂದೊಂದೇ ಬೆರಳು ಮಡಿಸುತ್ತ ಹಿಂದಕ್ಕೆ ಎಣಿಸಿದರು. "ಚಿತ್ತಿರೈ, ಪಂಗುನಿ, ಮಾಸಿ, ತೈ, ಮಾರ್ಗಳಿ, ಕಾರ್ತಿಗೈ, ಐಪ್ಪಸಿ, ಪುರಟ್ಟಾಸಿ, ಆವಣಿ..." ಹತ್ತನೆಯ ಬೆರಳು ಮಡಿಸಲಿಲ್ಲ. ಅದನ್ನು ಹಾಗೇ ಎತ್ತಿ ಅಳಿಯನ ಕಡೆ ತೋರಿಸಿದರು. "ಆಡಿ!"

ಹೊಸದಾಗಿ ಮದುವೆಯಾದ ಗಂಡಹೆಂಡಿರು ಆಷಾಢದಲ್ಲಿ ಒಂದು ಸೂರಿನಡಿ ಇರಬಾರದು ಎಂಬುದು ತಿಪಟೂರಿನ ಕಡೆಯ ಕಟ್ಟಳೆ. ಮಡತ್ತುಕುಳಂನಲ್ಲಿ ಅದೇ ಕಟ್ಟಳೆ ಆಡಿ ತಿಂಗಳಿಗೆ. ಎರಡೂ ಒಂದೇ ಎಂದುಕೊಂಡವರು ಕೆಟ್ಟರು. ಒಂದು ಚಂದ್ರನ ಲೆಕ್ಕ, ಇನ್ನೊಂದು ಸೂರ್ಯನ ಲೆಕ್ಕ. ಆ ವರ್ಷ ಆಷಾಢ ಜೂನ್ ಕೊನೆಗೇ ಬಂತು, ಸುಗನ್ಯಾ ತವರಿಗೆ ಹೋದಳು. ಜುಲೈ ಇಪ್ಪತ್ತೈದಕ್ಕೆ ಆಷಾಢ ಕಳೆಯಿತು, ಇನ್ನು ಕರೆದುಕೊಂಡು ಬಾ ಎಂದು ಶ್ರೀಹರ್ಷನ ತಾಯಿ ಗಿರಿಜಮ್ಮ ಊರಿನಿಂದ ಫೋನ್ ಮಾಡಿದರು. ಕರೆಯಲು ಹೋದರೆ ರಾಮಾತಾಳ್ ಬಾಗಿಲಿಗೆ ಅಡ್ಡ ನಿಂತರು: ಆಡಿ ಈಗ ತಾನೇ ಶುರುವಾಗಿದೆ, ಇನ್ನೂ ಮೂರು ವಾರ ಬಿಟ್ಟು ಬನ್ನಿ. ಹೀಗೆ ಒಂದು ತಿಂಗಳಿಗೆಂದು ಕಳಿಸಿದ ಹೆಂಡತಿ ಹೆಚ್ಚುಕಮ್ಮಿ ಎರಡು ತಿಂಗಳು ಬರುವಂತಿರಲಿಲ್ಲ. ಆಗ ಶ್ರೀಹರ್ಷ, ಪಳನಿಗೆ ಹೋಗಿ ಸ್ವಾಮಿಗೆ ಕೈ ಮುಗಿದು ಸಂಜೆಗೆ ಬಂದುಬಿಡುತ್ತೇವೆ ಎಂದು ಅತ್ತೆಯನ್ನು ಒಪ್ಪಿಸಿದ್ದ. ದೇವರ ಕೆಲಸಕ್ಕೆ ಬೇಡ ಎನ್ನುವುದು ಹೇಗೆ? ಹೋದವರು ಸಂಜೆಗೆ ಬರಲಿಲ್ಲ, ಮರುದಿನ ಬೆಳಿಗ್ಗೆ ಬಂದರು.

"ಕೊನೇ ಬಸ್ಸು ತಪ್ಪೋಯ್ತು ಅಂದ್ರಲ್ಲಾ ಮಾಪ್ಳೆ! ಛತ್ರದಲ್ಲಿ ಹೆಂಗಸರ ಜೊತೆ ಇವಳು, ಗಂಡಸರ ಜೊತೆ ನಾನು ಅಂದ್ರಲ್ಲಾ!"

"ಅತ್ತೆ, ಆಷಾಢ ಮುಗಿದಿತ್ತು..."

"ನಿಮ್ಮ ಆಷಾಢ ಮುಗಿದ್ರೆ ನಮ್ಮ ಆಡಿ ಮುಗೀತಾ?"

"ಪಳನಿಯಿಂದ ಮಡತ್ತುಕುಳಂ ಮೇಲೆ ಉಡುಮಲೈಗೆ ರಾತ್ರಿಯೆಲ್ಲಾ ಬಸ್ಸಿದೆ ತಂಬೀ," ಎಂದು ರಾಜಾಮಣಿ ಅಕ್ಕ ಯಾರೂ ಕೇಳದೆ ಹೇಳಿದರು. "ಅರ್ಧ ಗಂಟೆಗೊಂದು."

ಈಶ್ವರನ್ ಫೋನನ್ನು ಕಿವಿಯಿಂದ ಇಳಿಸಿ ಆಸಕ್ತಿಯಿಂದ ಕೇಳತೊಡಗಿದ. ಸುಗನ್ಯಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ರಾಮಾತಾಳರ ಸಿಟ್ಟು ಬರೀ ಸಿಟ್ಟಲ್ಲ, ಅದರೊಳಗೆ ಭಯವಿತ್ತು. ಚಿತ್ತಿರೈಯಲ್ಲಿ ಚೊಚ್ಚಲ ಕೂಸು ಹುಟ್ಟಿದರೆ ಮನೆಯ ಹಿರಿಯನಿಗೆ ಆಗಿಬರುವುದಿಲ್ಲ ಎಂದು ಆ ಕಡೆಯವರ ನಂಬಿಕೆ. ಅವರ ಮನೆಯ ಹಿರಿಯ ಎಂದರೆ ಅವರ ಗಂಡ ಸುಬ್ಬಯ್ಯನ್. ಸಕ್ಕರೆ ಕಾಯಿಲೆಯ ಮನುಷ್ಯ, ವರ್ಷದ ಹಿಂದೆ ಒಮ್ಮೆ ಎದೆ ಹಿಡಿದುಕೊಂಡು ಬಿದ್ದಿದ್ದವರು. ರಾಮಾತಾಳ್ ಕಣ್ಣೊರೆಸಿಕೊಂಡು ನೇರ ಡಾಕ್ಟರಮ್ಮನ ಕೋಣೆಗೆ ನುಗ್ಗಿದರು. ಹಿಂದೆಯೇ ಉಳಿದವರೆಲ್ಲ ಹೋದರು.

"ಅಮ್ಮಾ, ಒಂದು ಹತ್ತು ದಿನ ಹಿಂದಕ್ಕೆ ತನ್ನಿಂಗ. ಹೊಟ್ಟೆ ಕೊಯ್ದಾದ್ರೂ ಸರಿ. ಏಪ್ರಿಲ್ ಹದಿಮೂರರ ಒಳಗೆ ತೆಗೆದುಬಿಡಿ. ಪಂಗುನೀಲಿ ಹುಟ್ಲಿ."

ಶ್ರೀಹರ್ಷ ಮಧ್ಯೆ ಬಾಯಿ ಹಾಕಿದ. "ಹದಿಮೂರಕ್ಕಾ? ಅತ್ತೆ, ಹದಿನೆಂಟರ ಒಳಗೆ ಆದ್ರೆ ಇನ್ಶೂರೆನ್ಸ್ ಬರಲ್ಲ!"

"ನಿಮ್ಮ ಮಾವ ಬೇಕಾ, ಇನ್ಶೂರೆನ್ಸ್ ಬೇಕಾ?"

"ಎರಡೂ ಬೇಕು ಅತ್ತೆ!"

ಡಾಕ್ಟರ್ ಜಾಸ್ಮಿನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ದನಿ ಏರಿಸಲಿಲ್ಲ. "ನೋಡಿ ಅಮ್ಮಾ, ಕಾರಣ ಇಲ್ಲದೆ ನಾನು ಹೊಟ್ಟೆಗೆ ಕತ್ತಿ ಹಾಕಲ್ಲ. ನಿಮಗೆ ಬೇಕು ಅಂತ ಹಿಂದಕ್ಕೂ ತರಲ್ಲ, ಇವರಿಗೆ ಬೇಕು ಅಂತ ಮುಂದಕ್ಕೂ ತಳ್ಳಲ್ಲ. ಕೂಸಿಗೆ ಯಾವತ್ತು ಬರಬೇಕು ಅನ್ನಿಸುತ್ತೋ ಅವತ್ತು ಬರುತ್ತೆ."

"ಹಂಗಾದ್ರೆ ಚೀಟೀಲಾದ್ರೂ ಚಿತ್ತಿರೈ ಕಳೆದು ವೈಕಾಸಿ ಅಂತ ಬರೆದುಕೊಡಿ. ನಮ್ಮ ಮನೆಯವರಿಗೆ ತೋರಿಸ್ತೀನಿ."

"ಸುಳ್ಳು ಬರೆಯಲ್ಲ."

"ಒಂದು ಚೀಟಿ ಬರೆಯೋಕೆ ಆಗಲ್ವಾ? ಇಷ್ಟು ಓದಿ ಏನು ಬಂತಮ್ಮಾ ನಿಮಗೆ?" ಎಂದು ರಾಮಾತಾಳ್ ಎದ್ದರು. ಅಳಿಯನ ಮುಖ ನೋಡಲಿಲ್ಲ. ಮಗಳ ತೋಳು ಹಿಡಿದರು. "ಬಾ ಕಣ್ಣೂ, ಮುಖ ತೊಳ್ಕೊಂಡು ನೀರು ಕುಡಿಯೋವಂತೆ."

ಇಬ್ಬರೂ ಹೊರಗೆ ಹೋದರು. ಬಾಗಿಲ ಹತ್ತಿರ ಸುಗನ್ಯಾ ಒಮ್ಮೆ ತಿರುಗಿ ನೋಡಿದಳು. ನೀರು ಕುಡಿದು ಬರಲಿ, ಅತ್ತೆಯ ಸಿಟ್ಟೂ ಇಳಿಯಲಿ ಎಂದುಕೊಂಡು ಶ್ರೀಹರ್ಷ ಡಾಕ್ಟರಮ್ಮನ ಕ್ಷಮೆ ಕೇಳಿ ಮತ್ತೆ ಕೌಂಟರಿಗೆ ಬಂದ. ಈಶ್ವರನ್ ಕೊಟ್ಟ ಫಾರಂ ನಾಲ್ಕು ಪುಟದ್ದು. ಇಂಥ ಫಾರಂ ಕಂಡರೆ ಶ್ರೀಹರ್ಷ ಲೋಕ ಮರೆಯುತ್ತಿದ್ದ. ದೊಡ್ಡಕ್ಷರದಲ್ಲಿ, ಚೌಕದ ಗೆರೆ ದಾಟದ ಹಾಗೆ ಹೆಸರು, ವಯಸ್ಸು, ವಿಳಾಸ, ಡಾಕ್ಟರ ಓದು, ನೋಂದಣಿ ಸಂಖ್ಯೆ ಎಲ್ಲ ತುಂಬಿದ. ಹೆರಿಗೆಯ ದಿನ ಎಂಬ ಚೌಕದಲ್ಲಿ ಮಾತ್ರ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಚೀಟಿಯಲ್ಲಿದ್ದ ದಿನವನ್ನೇ ಬರೆದ.

ಈಶ್ವರನ್ ಎಲ್ಲ ನೋಡಿ ಎರಡು ಕಡೆ ಮುದ್ರೆ ಒತ್ತಿದ. "ಇಷ್ಟು ಅಚ್ಚುಕಟ್ಟಾದ ಫಾರಂ ನಾನು ನೋಡೇ ಇಲ್ಲ ಸಾರ್. ಒಂದು ತಪ್ಪಿಲ್ಲ. ಪೇಷಂಟ್ ಇಲ್ಲೊಂದು ಸಹಿ ಹಾಕಿದ್ರೆ ಮುಗೀತು."

ಶ್ರೀಹರ್ಷ ತಿರುಗಿ ನೋಡಿದ. ಬೆಂಚಿನ ಮೇಲೆ ರಾಜಾಮಣಿ ಅಕ್ಕ ಒಬ್ಬರೇ, ತೊಡೆಯ ಮೇಲೆ ಮುರುಕಿನ ಡಬ್ಬ.

"ಅಕ್ಕಾ, ಎಲ್ಲಿ ಅವರು?"

"ನೀರು ಕುಡಿಯೋಕೆ ಹೋದ್ರಲ್ಲಾ ತಂಬೀ."

"ಇಷ್ಟು ಹೊತ್ತಾ?"

"ಹೋಗುವಾಗ ಡಬ್ಬ ನನ್ನ ಕೈಗೆ ಕೊಟ್ಟು, ನೀವೇ ಇಟ್ಕೊಳ್ಳಿ ಅಂದ್ರು. ಒಳ್ಳೆ ಹೆಂಗಸು."

ಶ್ರೀಹರ್ಷ ಗೇಟಿಗೆ ಓಡಿದ. ವಾಚ್‌ಮನ್ ನಂಜಪ್ಪನ್ ಬೇವಿನ ಮರದ ಕೆಳಗೆ ಬೀಡಿ ಹಚ್ಚುತ್ತಿದ್ದ.

"ಅಮ್ಮಾನೂ ಮಗಳೂನಾ? ಆಟೋ ಹಿಡಿದು ಉಕ್ಕಡಂ ಬಸ್ ಸ್ಟ್ಯಾಂಡಿಗೆ ಹೋದ್ರು ಸಾರ್. ಈಗ ಬಸ್ಸು ಹೊರಟೇ ಹೋಗಿರುತ್ತೆ. ಯಾಕಮ್ಮಾ, ಇಲ್ಲಿ ತೋರಿಸಲ್ವಾ ಅಂದೆ. ಅವರೂರಲ್ಲೇ ಒಬ್ಬ ಡಾಕ್ಟರಮ್ಮ ಇದಾಳಂತೆ, ಯಾವ ಮಾಸ ಕೇಳಿದ್ರೆ ಆ ಮಾಸ ಬರ್ಕೊಡ್ತಾಳಂತೆ. ಇನ್ನು ಹೆರಿಗೆ ಆಗೋವರೆಗೂ ಮಗಳು ಅಲ್ಲೇ ಅಂದ್ರು."

"ಆ ಡಾಕ್ಟರಮ್ಮ ಏನು ಓದಿದಾಳಂತೆ?"

ನಂಜಪ್ಪನ್ ಬೀಡಿಯನ್ನು ಬಾಯಿಂದ ತೆಗೆದು ಶ್ರೀಹರ್ಷನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಅದನ್ನೆಲ್ಲಾ ಯಾರು ಸಾರ್ ಕೇಳ್ತಾರೆ?"

ಒಳಗೆ ಈಶ್ವರನ್ ಸಹಿಗಾಗಿ ಹೆಸರು ಹಿಡಿದು ಕೂಗುತ್ತಿದ್ದ: "ಸುಗನ್ಯಾ ಶ್ರೀಹರ್ಷ! ಸುಗನ್ಯಾ ಶ್ರೀಹರ್ಷ!"